ಬಾಂಡ್ಲಿ ಹೊತ್ತ ಕೈಗೆ ಕರಣೆ



ನಿಮ್ಮ ಊರಿನ ಶಾಲೆಯನ್ನು ಒಮ್ಮೆ ನೋಡಿ. ಅಂಗನವಾಡಿಯನ್ನು ನೋಡಿ. ನೀರಿನ ಟ್ಯಾಂಕು, ಮೋರಿ, ಸೇತುವೆ ನೋಡಿ. ಇವನ್ನೆಲ್ಲ ಕಟ್ಟಿದವರು ಯಾರು?

"ಕಂಟ್ರಾಕ್ಟರು ಕಟ್ಟಿಸಿದ್ರು" ಅಂತೀರಿ. "ಮೇಸ್ತ್ರಿ ಕಟ್ಟಿದ" ಅಂತೀರಿ. ಸರಿ. ಆದರೆ ಇಟ್ಟಿಗೆ ಹೊತ್ತವರು ಯಾರು? ಮರಳು ಜರಡಿ ಹಿಡಿದವರು ಯಾರು? ಗಾರೆ ಕಲಸಿ, ಬಾಂಡ್ಲಿಗೆ ತುಂಬಿ, ಮೇಲಕ್ಕೆ ಕೊಟ್ಟವರು ಯಾರು? ಕಟ್ಟಿದ ಗೋಡೆಗೆ ದಿನಾ ನೀರು ಹಾಕಿದವರು ಯಾರು?

ಹೆಂಗಸರು. ನಮ್ಮ ನಿಮ್ಮಂಥ ಹೆಂಗಸರು.

ಮನೆ, ರಸ್ತೆ, ಸೇತುವೆ, ಕೆರೆ ಏರಿ, ಚರಂಡಿ ಕಟ್ಟುವ ವಿದ್ಯೆಗೆ ಸಿವಿಲ್ ಎಂಜಿನಿಯರಿಂಗ್ ಅಂತ ಹೆಸರು. ಹೆಸರು ದೊಡ್ಡದು. ಕಾಲೇಜಿನಲ್ಲಿ ವರ್ಷಗಟ್ಟಲೆ ಓದುವವರೂ ಇದ್ದಾರೆ. ಆದರೆ ಆ ವಿದ್ಯೆಯ ಮೊದಲ ಮೆಟ್ಟಿಲು ನೆಲದಲ್ಲೇ ಇದೆ. ಕೆಲವೇ ದಿನ ಕಲಿತು, ಪರೀಕ್ಷೆ ಕೊಟ್ಟು, ಸರ್ಟಿಫಿಕೇಟ್ ಪಡೆಯಬಹುದು. ಆ ಮೆಟ್ಟಿಲು ಯಾವುದು, ಅದನ್ನು ಹತ್ತುವುದು ಹೇಗೆ? ಈ ಪಾಠದಲ್ಲಿ ತಿಳಿಯೋಣ.

ಒಂದೇ ಗೋಡೆ, ಎರಡು ಕೂಲಿ

ಒಂದು ಗೋಡೆ ಏಳುತ್ತಿದೆ. ಅಲ್ಲಿ ಎರಡು ಥರದ ಕೆಲಸ ಇದೆ. ಒಂದು, ಹೊರುವ ಕೆಲಸ. ಇನ್ನೊಂದು, ಕಟ್ಟುವ ಕೆಲಸ. ಹೊರುವವರ ಕೈಯಲ್ಲಿ ಬಾಂಡ್ಲಿ. ಕಟ್ಟುವವರ ಕೈಯಲ್ಲಿ ಕರಣೆ.

ಬಾಂಡ್ಲಿ ಹಿಡಿದವರಿಗೆ ಕಡಿಮೆ ಕೂಲಿ. ಕರಣೆ ಹಿಡಿದವರಿಗೆ ಹೆಚ್ಚು ಕೂಲಿ. ಗಂಡಾಳು ಕೈಯಾಳಾಗಿ ಬಂದರೆ ಕೆಲವು ವರ್ಷ ಬಾಂಡ್ಲಿ ಹೊರುತ್ತಾನೆ. ನೋಡ್ತಾ ನೋಡ್ತಾ ಕರಣೆ ಹಿಡಿಯುತ್ತಾನೆ. ಆಮೇಲೆ ಮೇಸ್ತ್ರಿ ಆಗುತ್ತಾನೆ. ಹೆಣ್ಣಾಳು? ಇಪ್ಪತ್ತು ವರ್ಷ ದುಡಿದರೂ ಅವಳು ಕೈಯಾಳೇ. ಬಾಂಡ್ಲಿ ಇಳಿಯುವುದೇ ಇಲ್ಲ. ಕುತ್ತಿಗೆ ನೋವು, ಸೊಂಟ ನೋವು ಬರುತ್ತದೆ. ಕೂಲಿ ಮಾತ್ರ ಏರುವುದಿಲ್ಲ.

"ಕಾನೂನು ಇಲ್ವಾ?" ಅಂತ ಕೇಳಬಹುದು. ಇದೆ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು. 1976ರಲ್ಲೇ ಇದಕ್ಕೊಂದು ಕಾಯಿದೆ ಬಂತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಅದರಲ್ಲೂ ಇದೇ ಮಾತಿದೆ.

ಆದರೆ ಇಲ್ಲೊಂದು ಗಂಟು ಇದೆ. ಕಾನೂನು ಹೇಳುವುದು "ಒಂದೇ ಕೆಲಸಕ್ಕೆ ಒಂದೇ ಕೂಲಿ" ಅಂತ. ಹೊರುವ ಕೆಲಸ ಬೇರೆ, ಕಟ್ಟುವ ಕೆಲಸ ಬೇರೆ. ಹೆಂಗಸರನ್ನೆಲ್ಲ ಹೊರುವ ಕೆಲಸದಲ್ಲೇ ಇಟ್ಟರೆ ಅವರಿಗೆ ಸಿಗುವುದು ಹೊರುವ ಕೂಲಿಯೇ. ಹಾಗಾಗಿ ಕೂಲಿ ಏರಬೇಕಾದರೆ ಕೆಲಸವೇ ಬದಲಾಗಬೇಕು. ಬಾಂಡ್ಲಿ ಇಳಿಯಬೇಕು. ಕರಣೆ ಕೈಗೆ ಬರಬೇಕು. ಅದಕ್ಕೆ ಕಲಿಕೆ ಬೇಕು. ಕಲಿತದ್ದಕ್ಕೆ ಸಾಕ್ಷಿಯೂ ಬೇಕು.

ಸರ್ಟಿಫಿಕೇಟ್ ಅಂದರೆ ಏನು?

ಸರ್ಟಿಫಿಕೇಟ್ ಅಂದರೆ ಪ್ರಮಾಣ ಪತ್ರ. "ಈಕೆಗೆ ಈ ಕೆಲಸ ಬರುತ್ತದೆ. ನಾವು ಪರೀಕ್ಷೆ ಮಾಡಿ ನೋಡಿದ್ದೇವೆ" ಅಂತ ಹೇಳುವ ಕಾಗದ.

ನಿಮ್ಮ ಊರಿನಲ್ಲಿ ನಿಮ್ಮ ಕೆಲಸ ಎಲ್ಲರಿಗೂ ಗೊತ್ತು. ಪಕ್ಕದ ತಾಲ್ಲೂಕಿಗೆ ಹೋದರೆ? ಬೆಂಗಳೂರಿಗೆ, ಮಂಗಳೂರಿಗೆ, ಪುಣೆಗೆ ಗುಳೆ ಹೋದರೆ? ಅಲ್ಲಿ ನಿಮ್ಮನ್ನು ಬಲ್ಲವರು ಯಾರು? ಹೆಂಗಸು ಅಂದ ಕೂಡಲೇ ಬಾಂಡ್ಲಿ ಕೈಗೆ ಕೊಡುತ್ತಾರೆ. ಆಗ ಆ ಕಾಗದ ನಿಮ್ಮ ಪರವಾಗಿ ಮಾತಾಡುತ್ತದೆ.

ಯಾವ ಯಾವ ಕೆಲಸಕ್ಕೆ ಸರ್ಟಿಫಿಕೇಟ್ ಇದೆ? ಇಟ್ಟಿಗೆ ಕಟ್ಟುವ, ಗಿಲಾಯಿ ಮಾಡುವ ಗಾರೆ ಕೆಲಸಕ್ಕೆ ಇದೆ. ಟೈಲ್ಸ್ ಹಾಕುವ ಕೆಲಸಕ್ಕೆ ಇದೆ. ಕಂಬಿ ಕಟ್ಟುವ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ, ಬಣ್ಣ ಬಳಿಯುವ ಕೆಲಸಕ್ಕೆ ಇದೆ. ಸಿಮೆಂಟು, ಮರಳು, ಕಾಂಕ್ರೀಟು ಪರೀಕ್ಷೆ ಮಾಡುವ ಕೆಲಸಕ್ಕೂ ಇದೆ. ಗಾರೆ ಕೆಲಸಕ್ಕೆ ಸರ್ಟಿಫಿಕೇಟಿನಲ್ಲಿ "ಮೇಸನ್" ಅಂತ ಬರೆದಿರುತ್ತಾರೆ. ಈ ಪದ ನೆನಪಿಡಿ.

ಎಷ್ಟು ದಿನ ಕಲಿಯಬೇಕು?

ಮೂರು ದಾರಿಗಳಿವೆ.

ಮೊದಲ ದಾರಿ: ಬರುವ ಕೆಲಸಕ್ಕೆ ಮಾನ್ಯತೆ.
ನೀವು ಆಗಲೇ ಕೆಲಸದಲ್ಲಿದ್ದೀರಿ. ಸ್ವಲ್ಪ ಸ್ವಲ್ಪ ಕಟ್ಟಲೂ ಬರುತ್ತದೆ. ಕಾಗದ ಮಾತ್ರ ಇಲ್ಲ. ಅಂಥವರಿಗೆ ಕೆಲವು ಗಂಟೆ ಅಥವಾ ಕೆಲವು ದಿನ ತಿಳಿವಳಿಕೆ ಕೊಡುತ್ತಾರೆ. ಆಮೇಲೆ ಪರೀಕ್ಷೆ. ಪಾಸಾದರೆ ಸರ್ಟಿಫಿಕೇಟ್. ಇದನ್ನು ಆರ್‌ಪಿಎಲ್ ಅನ್ನುತ್ತಾರೆ. ಶಾಲೆಯಲ್ಲಿ ಕಲಿಯದೆ ಕೆಲಸದಲ್ಲಿ ಕಲಿತದ್ದಕ್ಕೂ ಬೆಲೆ ಉಂಟು ಅಂತ ಒಪ್ಪುವ ದಾರಿ ಇದು.

ಎರಡನೇ ದಾರಿ: ಕೆಲವು ವಾರಗಳ ತರಬೇತಿ.
2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯವರಿಗಾಗಿ 45 ದಿನದ ಗಾರೆ ಕೆಲಸದ ತರಬೇತಿಯನ್ನು ರೂಪಿಸಿದರು. ಇದು ಕೋಣೆಯಲ್ಲಿ ಕೂತು ಕೇಳುವ ಪಾಠ ಅಲ್ಲ. ನಿಜವಾದ ಮನೆ ಕಟ್ಟುತ್ತಾ ಕಲಿಯುವುದು. ಪಾಯದಿಂದ ಸೂರಿನ ತನಕ ಎಲ್ಲವೂ ಕೈಗೆ ಬರುತ್ತದೆ. ಕಡೆಗೆ ಪರೀಕ್ಷೆ ಇರುತ್ತದೆ.

ಮೂರನೇ ದಾರಿ: ಐಟಿಐ.
ಇಲ್ಲಿ ಗಾರೆ ಕೆಲಸದ ಕೋರ್ಸ್ 1 ವರ್ಷ. 8ನೇ ತರಗತಿ ಪಾಸಾಗಿರಬೇಕು. ನಿಮಗೆ ಆಗದಿದ್ದರೂ ಮನೆಯಲ್ಲಿ ಕೂತಿರುವ ಮಗಳಿಗೆ, ಸೊಸೆಗೆ ಆಗಬಹುದು.

"ನಾವು ಈಗ ತಾನೇ ಅಕ್ಷರ ಕಲಿತವರು. ನಮ್ಮನ್ನು ಸೇರಿಸ್ಕೋತಾರಾ?"

ಒಂದೊಂದು ತರಬೇತಿಗೆ ಒಂದೊಂದು ನಿಯಮ. ಕೆಲವು ಕಡೆ ಕೆಲಸದ ಅನುಭವ ನೋಡುತ್ತಾರೆ. ಕೆಲವು ಕಡೆ 5ನೇ ತರಗತಿ, 8ನೇ ತರಗತಿ ಕೇಳುತ್ತಾರೆ. ಮೊದಲೇ ವಿಚಾರಿಸಿ. ಆದರೆ ಒಂದು ಮಾತು ನಿಜ. ಓದಲು ಬಂದರೆ, ಅಂಕಿ ಬಂದರೆ, ಅರ್ಧ ತರಬೇತಿ ಆದ ಹಾಗೆ. ಯಾಕೆ ಅಂತ ಮುಂದೆ ನೋಡಿ.

ಅಲ್ಲಿ ಏನು ಕಲಿಸುತ್ತಾರೆ?

ಚೀಲ ಓದುವುದು

ಸಿಮೆಂಟು ಚೀಲದ ಮೇಲೆ ಏನು ಬರೆದಿದೆ? ತೂಕ 50 ಕಿಲೋ. ಐಎಸ್ಐ ಗುರುತು. ಇನ್ನೊಂದು ಮುಖ್ಯ ವಿಷಯ ಇದೆ. ಯಾವ ವಾರ, ಯಾವ ವರ್ಷ ತಯಾರಾಯಿತು ಅಂತ ಅಚ್ಚಾಗಿರುತ್ತದೆ. ಸಿಮೆಂಟಿಗೂ ವಯಸ್ಸಿದೆ. ಕೂತಷ್ಟೂ ಅದರ ಶಕ್ತಿ ಕುಂದುತ್ತದೆ. 3 ತಿಂಗಳು ದಾಟಿದ್ದರೆ ಪರೀಕ್ಷೆ ಮಾಡದೆ ಬಳಸಬಾರದು. ಗಂಟು ಕಟ್ಟಿದ್ದರೆ ಅದು ನೀರು ಕುಡಿದ ಸಿಮೆಂಟು. ಬೇಡ.

ಚೀಲ ಹೊರುವುದಕ್ಕೆ ಓದು ಬೇಡ. ಚೀಲ ನೋಡಿ ಬೇಕು, ಬೇಡ ಅನ್ನುವುದಕ್ಕೆ ಓದು ಬೇಕು.

ಮರಳು ನೋಡುವುದು

ಮರಳಿನಲ್ಲಿ ಮಣ್ಣು ಹೆಚ್ಚಿದ್ದರೆ ಗಾರೆ ಹಿಡಿಯುವುದಿಲ್ಲ. ಪರೀಕ್ಷೆ ಸುಲಭ. ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಅರ್ಧದಷ್ಟು ಮರಳು ಹಾಕಿ. ನೀರು, ಚಿಟಿಕೆ ಉಪ್ಪು ಹಾಕಿ. ಚೆನ್ನಾಗಿ ಅಲ್ಲಾಡಿಸಿ. 3 ಗಂಟೆ ಅಲುಗಿಸದೆ ಇಡಿ. ಕೆಳಗೆ ಮರಳು, ಅದರ ಮೇಲೆ ಮಣ್ಣಿನ ಪದರ ಕೂರುತ್ತದೆ. ಮರಳು 10 ಸೆಂಟಿಮೀಟರ್ ಇದ್ದರೆ, ಮಣ್ಣಿನ ಪದರ 8 ಮಿಲಿಮೀಟರ್ ಮೀರಬಾರದು. ಅಂದರೆ 100ಕ್ಕೆ 8. ಮೀರಿದರೆ ಮರಳು ತೊಳೆಯಬೇಕು. ಇಲ್ಲವೇ ಬೇರೆ ತರಿಸಬೇಕು.

ಗಾರೆಯ ಅಳತೆ

ಇಟ್ಟಿಗೆ ಗೋಡೆಗೆ ಸಾಮಾನ್ಯವಾಗಿ 1ಕ್ಕೆ 6 ಗಾರೆ. ಹಾಗೆಂದರೆ 1 ಪಾಲು ಸಿಮೆಂಟು, 6 ಪಾಲು ಮರಳು. 1 ಚೀಲ ಸಿಮೆಂಟು ಸುಮಾರು 35 ಲೀಟರಿನಷ್ಟು ಜಾಗ ತುಂಬುತ್ತದೆ. ಅದಕ್ಕೆ 35 ಲೀಟರ್ ಹಿಡಿಯುವ ಅಳತೆ ಪೆಟ್ಟಿಗೆ ಇರುತ್ತದೆ. 1 ಚೀಲಕ್ಕೆ ಆ ಪೆಟ್ಟಿಗೆಯಲ್ಲಿ 6 ಸಲ ಮರಳು ಹಾಕಬೇಕು. ಬಾಂಡ್ಲಿ ಲೆಕ್ಕ ನಂಬಬೇಡಿ. ಒಬ್ಬರು ತಲೆ ತಟ್ಟಿ ತುಂಬುತ್ತಾರೆ, ಒಬ್ಬರು ಗೋಪುರ ಮಾಡಿ ತುಂಬುತ್ತಾರೆ.

ಮೊದಲು ಒಣಗಿದ್ದನ್ನೇ ಬಣ್ಣ ಒಂದಾಗುವ ತನಕ ಕಲಸಿ. ಆಮೇಲೆ ನೀರು. ಮುದ್ದೆಗೆ ನೀರು ಹೆಚ್ಚಾದರೆ ಏನಾಗುತ್ತೆ ನಿಮಗೆ ಗೊತ್ತು. ಗಾರೆಯೂ ಹಾಗೇ. ನೀರು ಹೆಚ್ಚಾದರೆ ಬಲ ಕಡಿಮೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗುತ್ತಿರುವ ಗಾರೆಗೆ ಮತ್ತೆ ನೀರು ಸುರಿದು ಬಳಸಬಾರದು.

ಮೂಲೆ ಹಿಡಿಯುವುದು: 3, 4, 5

ಮನೆಯ ಮೂಲೆ ನೇರವಾಗಿರಬೇಕು. ಮೂಲೆ ಓರೆಯಾದರೆ ಬಾಗಿಲು ಕೂರುವುದಿಲ್ಲ. ಟೈಲ್ಸ್ ಸರಿಯಾಗಿ ಬರುವುದಿಲ್ಲ. ಮೂಲೆ ನೇರ ಇದೆ ಅಂತ ತಿಳಿಯುವುದು ಹೇಗೆ?

ಮೂಲೆಗೆ ಒಂದು ಗೂಟ ಹೊಡೆಯಿರಿ. ಅಲ್ಲಿಂದ ಒಂದು ಕಡೆಗೆ ದಾರ ಎಳೆದು 3 ಅಡಿಗೆ ಗುರುತು ಹಾಕಿ. ಇನ್ನೊಂದು ಕಡೆಗೆ ದಾರ ಎಳೆದು 4 ಅಡಿಗೆ ಗುರುತು ಹಾಕಿ. ಈಗ ಈ ಗುರುತಿನಿಂದ ಆ ಗುರುತಿಗೆ ಅಡ್ಡಲಾಗಿ ಟೇಪು ಹಿಡಿಯಿರಿ. ಸರಿಯಾಗಿ 5 ಅಡಿ ಬಂತಾ? ಮೂಲೆ ನೇರ ಇದೆ. 5ಕ್ಕಿಂತ ಕಡಿಮೆ ಬಂದರೆ ಮೂಲೆ ಒಳಕ್ಕೆ ಬಾಗಿದೆ. ಹೆಚ್ಚು ಬಂದರೆ ಹೊರಕ್ಕೆ ಬಿಚ್ಚಿದೆ. ದಾರ ಸರಿಸಿ, ಮತ್ತೆ ಅಳೆಯಿರಿ.

ಮೂರೇ ಅಂಕಿ. ದೊಡ್ಡ ಎಂಜಿನಿಯರ್ ಕೂಡ ಇದೇ ಲೆಕ್ಕ ಬಳಸುತ್ತಾರೆ.

ನೇರ ನೋಡುವ ಸಲಕರಣೆಗಳು

ಗೋಡೆ ನೆಟ್ಟಗೆ ನಿಂತಿದೆಯಾ ಅಂತ ನೋಡಲು ತೂಕದ ಗುಂಡು. ದಾರದಲ್ಲಿ ಇಳಿಬಿಟ್ಟ ಗುಂಡು ಯಾವತ್ತೂ ಸುಳ್ಳು ಹೇಳುವುದಿಲ್ಲ. ಸಾಲು ಮಟ್ಟವಾಗಿದೆಯಾ ಅಂತ ನೋಡಲು ರಸಮಟ್ಟ. ಅದರೊಳಗಿನ ಗುಳ್ಳೆ ನಡುವೆ ನಿಂತರೆ ಸರಿ. ದೂರದ ಎರಡು ಕಡೆ ಒಂದೇ ಮಟ್ಟ ಹಿಡಿಯಲು ನೀರು ತುಂಬಿದ ಪಾರದರ್ಶಕ ಪೈಪು. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಳಗೆ ಗಾಳಿ ಗುಳ್ಳೆ ಇರಬಾರದು, ಅಷ್ಟೇ.

ಇಟ್ಟಿಗೆ ಲೆಕ್ಕ

ಬಚ್ಚಲಿಗೆ ಒಂದು ಮರೆ ಗೋಡೆ ಬೇಕು ಅನ್ನಿ. ಉದ್ದ 9 ಅಡಿ. ಎತ್ತರ 4 ಅಡಿ. ಒಂದು ಇಟ್ಟಿಗೆಯ ಅಗಲದಷ್ಟು ದಪ್ಪ ಸಾಕು, ಅಂದರೆ ನಾಲ್ಕೂವರೆ ಅಂಗುಲ. ಎಷ್ಟು ಇಟ್ಟಿಗೆ ತರಿಸಬೇಕು?

ಗಾರೆಯೂ ಸೇರಿ ಒಂದು ಇಟ್ಟಿಗೆ 9 ಅಂಗುಲ ಉದ್ದ, 3 ಅಂಗುಲ ಎತ್ತರದ ಜಾಗ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ.

1 ಅಡಿಗೆ 12 ಅಂಗುಲ. 9 ಅಡಿಗೆ 108 ಅಂಗುಲ.
108 ಅನ್ನು 9ರಿಂದ ಭಾಗಿಸಿ: 12. ಅಂದರೆ ಒಂದು ಸಾಲಿಗೆ 12 ಇಟ್ಟಿಗೆ.
4 ಅಡಿಗೆ 48 ಅಂಗುಲ.
48 ಅನ್ನು 3ರಿಂದ ಭಾಗಿಸಿ: 16. ಅಂದರೆ 16 ಸಾಲು.
12 ಗುಣಿಸು 16: 192 ಇಟ್ಟಿಗೆ.
ಒಡೆಯುವುದಕ್ಕೆ, ಹಾಳಾಗುವುದಕ್ಕೆ 10 ಸೇರಿಸಿ: 202.

ನಾವು ಕಲಿತ ಗುಣಾಕಾರ, ಭಾಗಾಕಾರ ಇಲ್ಲಿ ಕೆಲಸಕ್ಕೆ ಬಂತು. ಈ ಲೆಕ್ಕ ಬಂದವರನ್ನು ಯಾರೂ ಕೈಯಾಳು ಅನ್ನಲಾರರು.

ಕಟ್ಟುವ ಕ್ರಮ

ಇಟ್ಟಿಗೆಯನ್ನು ಮೊದಲೇ ನೀರಿನಲ್ಲಿ ನೆನೆಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಗುಳಿ ಇರುವ ಮುಖ ಮೇಲಕ್ಕಿರಲಿ. ಗಾರೆ ಗುಳಿಯಲ್ಲಿ ಕೂತು ಹಿಡಿತ ಸಿಗುತ್ತದೆ. ಕೆಳಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರಬಾರದು. ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲೇ ಬಿರುಕು ಬಿಡುತ್ತದೆ. ಒಂದೇ ದಿನದಲ್ಲಿ ಒಂದೂವರೆ ಮೀಟರಿಗಿಂತ ಎತ್ತರ ಏರಿಸಬಾರದು. ಕೆಳಗಿನ ಹಸಿ ಗಾರೆ ಭಾರ ತಾಳುವುದಿಲ್ಲ.

ಕಟ್ಟಿದ ಮೇಲೆ ನೀರು ಹಾಕುವುದನ್ನು ಕ್ಯೂರಿಂಗ್ ಅನ್ನುತ್ತಾರೆ. ಗೋಡೆಗೆ ಕಡಿಮೆ ಅಂದರೂ 7 ದಿನ ಬೇಕು. ಕಾಂಕ್ರೀಟಿಗೆ ಸಿಮೆಂಟಿನ ಜಾತಿ ನೋಡಿಕೊಂಡು 7ರಿಂದ 10 ದಿನ ಬೇಕು. ಬಿಸಿಲು ಜೋರಾಗಿದ್ದರೆ ಇನ್ನೂ ಹೆಚ್ಚು. ನೀರು ಹಾಕೋದು ಹೆಂಗಸರ ಸಣ್ಣ ಕೆಲಸ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಸಣ್ಣ ಕೆಲಸ ಅಲ್ಲ. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ. ನೀರು ಕುಡಿದು ಗಟ್ಟಿಯಾಗುತ್ತದೆ. ನೀರು ತಪ್ಪಿದರೆ ಒಳ್ಳೆ ಗೋಡೆಯೂ ಪುಡಿ ಉದುರುತ್ತದೆ.

ಜೀವ ಮೊದಲು

ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಕೈಗೆ ರಬ್ಬರ್ ಗವಸು, ಕಾಲಿಗೆ ಬೂಟು ಬೇಕು. ತಲೆಗೆ ಹೆಲ್ಮೆಟ್ ಬೇಕು. ಸಾರವೆ ಅಲುಗಾಡುತ್ತಿದ್ದರೆ ಹತ್ತಬೇಡಿ. ಸೀರೆ ಸೆರಗು ಕಂಬಿಗೆ ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಕಟ್ಟಿಕೊಳ್ಳಿ. ಸೀರೆಯ ಮೇಲೆ ಅಂಗಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಇವೂ ತರಬೇತಿಯ ಪಾಠಗಳೇ. ಪರೀಕ್ಷೆಯಲ್ಲೂ ಕೇಳುತ್ತಾರೆ.

ಪರೀಕ್ಷೆ ಹೇಗಿರುತ್ತದೆ?

ಹೆದರಬೇಡಿ. ಕೈಕೆಲಸದ ಪರೀಕ್ಷೆ ಮುಖ್ಯ. "ಈ ಅಳತೆಗೆ ಗೋಡೆ ಕಟ್ಟಿ" ಅನ್ನುತ್ತಾರೆ. ಮೂಲೆ, ಮಟ್ಟ, ಸಂದು ನೋಡುತ್ತಾರೆ. ಇದರ ಜೊತೆಗೆ ಕೆಲವು ಪ್ರಶ್ನೆಗಳಿರುತ್ತವೆ. ಬಾಯಿಮಾತಿನಲ್ಲಿ ಕೇಳಬಹುದು. ಕಾಗದದ ಮೇಲೋ ಮೊಬೈಲಿನಂಥ ಫಲಕದ ಮೇಲೋ ಕೇಳಬಹುದು. ಪ್ರಶ್ನೆ ಕನ್ನಡದಲ್ಲಿ ಇರುತ್ತದೆಯೇ ಅಂತ ಸೇರುವ ಮೊದಲೇ ಕೇಳಿ.

ಎಲ್ಲಿ ವಿಚಾರಿಸಬೇಕು?

ಮೊದಲು ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ನಿಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಕೇಳಿ. ಜಿಲ್ಲೆಯ ಕೌಶಲ್ಯಾಭಿವೃದ್ಧಿ ಇಲಾಖೆ ಕಚೇರಿಯಲ್ಲಿ ಕೇಳಿ. ಹತ್ತಿರದ ಸರ್ಕಾರಿ ಐಟಿಐಯಲ್ಲಿ ಕೇಳಿ. ಕಡಿಮೆ ಖರ್ಚಿನಲ್ಲಿ ಕಟ್ಟುವ ವಿಧಾನಗಳಿಗಾಗಿ ಇರುವ ನಿರ್ಮಿತಿ ಕೇಂದ್ರದಲ್ಲೂ ಕೇಳಿ.

ಇನ್ನೊಂದು ಜಾಗ ಇದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಹಳ್ಳಿಯವರಿಗೆ ಕಸುಬು ಕಲಿಸುವುದು ಅದರ ಕೆಲಸ. ಅದೇ ಮಾದರಿಯಲ್ಲಿ ಆಮೇಲೆ ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆದವು. ಅಲ್ಲಿ ಊಟ, ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತಾರೆ. ಯಾವ ತಿಂಗಳು ಯಾವ ತರಬೇತಿ ಇದೆ ಅಂತ ತಿಳಿದುಕೊಳ್ಳಿ.

ಸರ್ಕಾರದ ಯೋಜನೆಗಳು ಬದಲಾಗುತ್ತಿರುತ್ತವೆ. "ಈಗ ಯಾವುದು ನಡೀತಾ ಇದೆ?" ಅಂತಲೇ ಕೇಳಿ. ಹೋಗುವಾಗ ಒಬ್ಬರೇ ಹೋಗಬೇಡಿ. ನಾಲ್ಕು ಜನ ಸೇರಿ ಹೋಗಿ. ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಎಷ್ಟು ದಿನ? ಯಾವ ಊರಿನಲ್ಲಿ?
2. ಶುಲ್ಕ ಇದೆಯಾ?
3. ತರಬೇತಿ ದಿನಗಳಿಗೆ ಭತ್ಯೆ ಕೊಡುತ್ತೀರಾ?
4. ಊಟ, ಬಸ್ ಖರ್ಚು ಯಾರದು?
5. ಹೆಂಗಸರಿಗೆ ಶೌಚಾಲಯ ಇದೆಯಾ? ಮಗು ಕರೆದುಕೊಂಡು ಬರಬಹುದಾ?
6. ಕೈಗೆ ಕರಣೆ ಕೊಟ್ಟು ಕಲಿಸುತ್ತೀರಾ, ಬರೀ ಹೇಳುತ್ತೀರಾ?
7. ಸರ್ಟಿಫಿಕೇಟ್ ಯಾರು ಕೊಡುತ್ತಾರೆ?

ಏಳನೆಯ ಪ್ರಶ್ನೆ ಬಿಡಬೇಡಿ. ದುಡ್ಡು ತೆಗೆದುಕೊಂಡು ಬಣ್ಣದ ಕಾಗದ ಕೊಡುವವರೂ ಇರುತ್ತಾರೆ. ಸರ್ಕಾರ ಮಾನ್ಯ ಮಾಡಿದ ಸರ್ಟಿಫಿಕೇಟಿಗೆ ಮಾತ್ರ ಬೆಲೆ. ಈಗಿನ ಕೌಶಲ್ಯ ಸರ್ಟಿಫಿಕೇಟಿನಲ್ಲಿ ಚೌಕದ ಕ್ಯೂಆರ್ ಗುರುತು ಇರುತ್ತದೆ. ಮೊಬೈಲಿನಲ್ಲಿ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಹೆಸರು ನೀವೇ ಓದಿ

ಅರ್ಜಿಗೆ ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಫೋಟೋ ಬೇಕಾಗುತ್ತದೆ. ಆಧಾರಿನಲ್ಲಿ ಒಂದು ಹೆಸರು, ಪಾಸ್ ಪುಸ್ತಕದಲ್ಲಿ ಇನ್ನೊಂದು ಹೆಸರು ಇದ್ದರೆ ತೊಂದರೆ. ಒಂದು ಕಡೆ "ಲಕ್ಷ್ಮಿ", ಇನ್ನೊಂದು ಕಡೆ "ಲಕ್ಷ್ಮಮ್ಮ" ಅಂತಿದ್ದರೂ ಕೆಲಸ ನಿಲ್ಲಬಹುದು. ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ ನೋಡಿ. ತಪ್ಪಿದ್ದರೆ ಮೊದಲೇ ಸರಿ ಮಾಡಿಸಿ. ಹೆಬ್ಬೆಟ್ಟು ಬೇಡ, ಸಹಿ ಹಾಕಿ. ಸಹಿ ಹಾಕುವ ಮುಂಚೆ ಓದಿ.

ಕೂಲಿ ತಪ್ಪುತ್ತದಲ್ಲ?

ಇದು ದೊಡ್ಡ ಪ್ರಶ್ನೆ. ತರಬೇತಿಗೆ ಹೋದ ದಿನ ಒಲೆ ಉರಿಯಬೇಕಲ್ಲ? ಲೆಕ್ಕ ಹಾಕೋಣ. ಕೂಲಿ ಊರಿಂದ ಊರಿಗೆ ಬೇರೆ. ಬರೀ ಲೆಕ್ಕಕ್ಕೆ ಅಂತ ಹೀಗಿಟ್ಟುಕೊಳ್ಳಿ:

ಕೈಯಾಳಿಗೆ ದಿನಕ್ಕೆ 500 ರೂಪಾಯಿ.
ಗಾರೆ ಕೆಲಸದವರಿಗೆ ದಿನಕ್ಕೆ 900 ರೂಪಾಯಿ.
45 ದಿನ ತರಬೇತಿಗೆ ಹೋದರೆ ತಪ್ಪುವ ಕೂಲಿ: 45 ಗುಣಿಸು 500, ಅಂದರೆ 22,500 ರೂಪಾಯಿ.
ಕರಣೆ ಹಿಡಿದ ಮೇಲೆ ದಿನಕ್ಕೆ ಹೆಚ್ಚಿಗೆ ಸಿಗುವುದು: 400 ರೂಪಾಯಿ.
22,500 ಅನ್ನು 400ರಿಂದ ಭಾಗಿಸಿ: 56 ದಿನ ಚಿಲ್ಲರೆ.

ಅಂದರೆ 57 ದಿನ ಗಾರೆ ಕೆಲಸ ಸಿಕ್ಕರೆ ಹೋದ ಕೂಲಿ ವಾಪಸು ಬಂತು. ಆಮೇಲೆ ಬರುವುದೆಲ್ಲ ಲಾಭ. ನಿಮ್ಮ ಊರಿನ ಕೂಲಿ ಹಾಕಿ ನೀವೇ ಲೆಕ್ಕ ಮಾಡಿ.

ಆದರೆ ಆ 45 ದಿನ ದಾಟುವುದು ಹೇಗೆ? ಕೆಲಸ ಕಡಿಮೆ ಇರುವ ತಿಂಗಳು ನೋಡಿ ಸೇರಬಹುದು. ಸಂಘದಿಂದ ಸಣ್ಣ ಸಾಲ ಪಡೆಯಬಹುದು. ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ. ಆಗಲೇ ಕೆಲಸ ಬರುವವರು ಮೊದಲ ದಾರಿ ಹಿಡಿಯಿರಿ. ಅದಕ್ಕೆ ಕೆಲವೇ ದಿನ ಸಾಕು.

ಕಾಗದ ಬಂತು. ಆಮೇಲೆ?

ನಿಜ ಹೇಳಬೇಕು. ಸರ್ಟಿಫಿಕೇಟ್ ಬಂದ ಮಾರನೇ ದಿನವೇ ಮೇಸ್ತ್ರಿ ಕರೆದು ಕರಣೆ ಕೊಡುವುದಿಲ್ಲ. "ಹೆಂಗಸು ಕಟ್ಟಿದ ಗೋಡೆ ನಿಲ್ಲುತ್ತಾ?" ಅನ್ನುವವರು ಇದ್ದಾರೆ. ಕಾಗದದ ಜೊತೆ ಕೆಲಸವನ್ನೂ ತೋರಿಸಬೇಕು.

ಸಣ್ಣದರಿಂದ ಶುರು ಮಾಡಿ. ನಿಮ್ಮದೇ ಬಚ್ಚಲು ಕಟ್ಟಿ. ಪಕ್ಕದ ಮನೆಯ ಶೌಚಾಲಯ ಕಟ್ಟಿ. ಒಲೆ ಕಟ್ಟೆ, ನೀರಿನ ತೊಟ್ಟಿ, ಅಂಗಳಕ್ಕೆ ಟೈಲ್ಸ್, ಗೋಡೆಗೆ ಗಿಲಾಯಿ ಮಾಡಿ. ಮೂರು ನಾಲ್ಕು ಜನ ತಂಡ ಮಾಡಿಕೊಳ್ಳಿ. ಒಬ್ಬರೇ ಇದ್ದರೆ ಬಾಂಡ್ಲಿ ಕೊಡುತ್ತಾರೆ. ತಂಡ ಇದ್ದರೆ ಕೆಲಸವನ್ನೇ ಕೊಡುತ್ತಾರೆ. ಬಾಂಡ್ಲಿಯನ್ನು ಸರದಿಯಲ್ಲಿ ಹೊರಿ. ಕರಣೆಯನ್ನೂ ಸರದಿಯಲ್ಲಿ ಹಿಡಿಯಿರಿ.

ಇದು ಬರೀ ಮಾತಲ್ಲ. ಜಾರ್ಖಂಡ್ ಅಂತ ಒಂದು ರಾಜ್ಯ ಇದೆ. ಅಲ್ಲಿ ಗಾರೆ ಕೆಲಸದವನನ್ನು "ರಾಜ್ ಮಿಸ್ತ್ರಿ" ಅನ್ನುತ್ತಾರೆ. 2014ರಲ್ಲಿ ಸ್ವಚ್ಛ ಭಾರತ ಯೋಜನೆ ಶುರುವಾಯಿತು. ಹಳ್ಳಿ ಹಳ್ಳಿಯಲ್ಲೂ ಶೌಚಾಲಯ ಕಟ್ಟಬೇಕಾಯಿತು. ಕಟ್ಟುವವರು ಸಾಲದಾದರು. ಆಗ ಸ್ವಸಹಾಯ ಸಂಘದ ಹೆಂಗಸರು ಕರಣೆ ಹಿಡಿಯಲು ಕಲಿತರು. ತಮ್ಮ ಊರಿನ ಶೌಚಾಲಯಗಳನ್ನು ತಾವೇ ಕಟ್ಟಿದರು. ಜನ ಅವರನ್ನು "ರಾಣಿ ಮಿಸ್ತ್ರಿ" ಅಂತ ಕರೆದರು.

ಪಕ್ಕದ ಕೇರಳದಲ್ಲಿ 1998ರಲ್ಲಿ ಕುಟುಂಬಶ್ರೀ ಶುರುವಾಯಿತು. ಅದು ಹೆಂಗಸರ ಸಂಘಗಳ ದೊಡ್ಡ ಜಾಲ. ಅಲ್ಲಿಯೂ ಹೆಂಗಸರು ಗಾರೆ ಕೆಲಸದ ತಂಡ ಕಟ್ಟಿಕೊಂಡು ಮನೆಗಳನ್ನೇ ಕಟ್ಟಿದ್ದಾರೆ.

ಕಾರ್ಮಿಕ ಕಾರ್ಡು ಮರೆಯಬೇಡಿ

ಕೈಯಾಳಾಗಲಿ, ಮೇಸ್ತ್ರಿ ಆಗಲಿ, ಎಲ್ಲರಿಗೂ ಇದು ಬೇಕು. ನಮ್ಮ ರಾಜ್ಯದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ವಯಸ್ಸು 18ರಿಂದ 60ರೊಳಗೆ ಇರಬೇಕು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅಂಥವರು ಹೆಸರು ನೋಂದಾಯಿಸಬಹುದು. ಹೆರಿಗೆಗೆ, ಮಕ್ಕಳ ಓದಿಗೆ, ಅಪಘಾತಕ್ಕೆ, ವಯಸ್ಸಾದ ಮೇಲೆ ಪಿಂಚಣಿಗೆ ಅಲ್ಲಿಂದ ನೆರವು ಸಿಗುತ್ತದೆ. ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಬೇಕು. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕೆಲಸ ಮಾಡಿದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ದಿನಾಂಕ, ಜಾಗ, ಕೂಲಿ. ಇಷ್ಟು ಸಾಕು.

ಮುಂದಿನ ಮೆಟ್ಟಿಲು

ಸಣ್ಣ ಸರ್ಟಿಫಿಕೇಟ್ ಮೊದಲ ಮೆಟ್ಟಿಲು. ಮೇಲೆ ಇನ್ನೂ ಮೆಟ್ಟಿಲುಗಳಿವೆ. ಮಗಳು 10ನೇ ತರಗತಿ ಪಾಸಾದರೆ ಐಟಿಐಯಲ್ಲಿ 2 ವರ್ಷ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯಬಹುದು. ಪಾಲಿಟೆಕ್ನಿಕ್ಕಿನಲ್ಲಿ 3 ವರ್ಷದ ಸಿವಿಲ್ ಡಿಪ್ಲೊಮಾ ಮಾಡಬಹುದು. ಅಮ್ಮ ಹೊತ್ತ ಗೋಡೆಗೆ ಮಗಳು ನಕ್ಷೆ ಬರೆಯಬಹುದು. ಅಮ್ಮನೇ ಆ ನಕ್ಷೆ ಓದಿ ಗೋಡೆ ಕಟ್ಟಬಹುದು.

ನೆನಪಿಡಿ

ಹೊರುವ ಕೆಲಸಕ್ಕೂ ಕಟ್ಟುವ ಕೆಲಸಕ್ಕೂ ನಡುವೆ ಇರುವುದು ಅಳತೆ. ಅಳತೆಗೆ ಬೇಕಾದ ಅಂಕಿ ನಿಮಗೆ ಈಗ ಬರುತ್ತದೆ. ಕಲಿಯಿರಿ, ಪರೀಕ್ಷೆ ಕೊಡಿ, ಕಾಗದ ಪಡೆಯಿರಿ. ತಂಡ ಕಟ್ಟಿ.

ಹೊಸ ಪದಗಳು

ಕರಣೆ: ಗಾರೆ ಹಾಕುವ, ಸವರುವ ಸಲಕರಣೆ.
ರಸಮಟ್ಟ: ಮಟ್ಟ ನೋಡುವ ಸಲಕರಣೆ.
ಮೇಸನ್: ಗಾರೆ ಕೆಲಸದವರು.
ಕ್ಯೂರಿಂಗ್: ಕಟ್ಟಿದ ಮೇಲೆ ನೀರು ಹಾಕಿ ಗಟ್ಟಿ ಮಾಡುವುದು.
ಭತ್ಯೆ: ಖರ್ಚಿಗೆ ಕೊಡುವ ಹಣ.

ಮಾಡಿ ನೋಡಿ

1. ಕಲಿಕಾ ಕೇಂದ್ರದ ಅಂಗಳದಲ್ಲಿ ದಾರ, ಗೂಟ ಹಿಡಿದು 3, 4, 5ರ ಲೆಕ್ಕದಲ್ಲಿ ಮೂಲೆ ಹಾಕಿ.
2. ಒಂದು ಸಿಮೆಂಟು ಚೀಲ ತಂದು ವಾರ, ವರ್ಷ ಓದಿ.
3. 6 ಅಡಿ ಉದ್ದ, 3 ಅಡಿ ಎತ್ತರದ ಮರೆ ಗೋಡೆಗೆ ಎಷ್ಟು ಇಟ್ಟಿಗೆ ಬೇಕು? (ಉತ್ತರ: 96. ಒಡೆಯುವುದಕ್ಕೆ 5 ಸೇರಿಸಿದರೆ 101.)

ಮಾತಾಡೋಣ

ನಮ್ಮ ಊರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರು ಎಷ್ಟು ಜನ? ಅವರಲ್ಲಿ ಕರಣೆ ಹಿಡಿದವರು ಎಷ್ಟು? ತರಬೇತಿಗೆ ಹೋಗಲು ತಡೆ ಯಾವುದು? ಆ ತಡೆಯನ್ನು ನಮ್ಮ ಸಂಘ ಹೇಗೆ ತೆಗೆಯಬಹುದು?